ಹೊಸ ಕೋಚಿಗೆ ಎಷ್ಟು ವರ್ಷ?

ಹೊಸೂರಿನಿಂದ ಉತ್ತರಕ್ಕೆ 40 ಕಿ.ಮೀ. ಹೋದರೆ ಬೆಂಗಳೂರು ಬುಲ್ಸ್‌ನ ಊರು. ಪೂರ್ವಕ್ಕೆ ಸುಮಾರು 300 ಕಿ.ಮೀ. ಹೋದರೆ ತಮಿಳ್ ತಲೈವಾಸ್‌ನ ಊರು. ಹೊಸೂರಿನ ಸುತ್ತಲಿನ ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯ ಹುಡುಗರು ಪ್ರೊ ಕಬಡ್ಡಿ ಶುರುವಾದರೆ ಎರಡು ಪಾಲಾಗುತ್ತಾರೆ. ಯಾರು ಯಾವ ಪಾಲು ಎನ್ನುವುದು ಮನೆಮಾತಿನಿಂದ ತೀರ್ಮಾನವಾಗುತ್ತದೆ ಎಂದುಕೊಂಡರೆ ತಪ್ಪು. ಅದು ಆ ವರ್ಷದ ರೈಡರ್ ಯಾರು ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ಆ ಜಗಳ ಅವರಿಗಿರಲಿ. ನನಗೆ ಈ ಎರಡು ತಂಡಗಳ ಮೇಲೆ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಹೊಸ ಕೋಚ್ ಬಂದ ಮೇಲೆ ಫಲಕ್ಕೆ ಎಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಗೆ ಇವೆರಡೂ ಒಂದಕ್ಕೊಂದು ತದ್ವಿರುದ್ಧವಾದ ಉತ್ತರ ಕೊಟ್ಟಿವೆ.

ಬುಲ್ಸ್ 2014ರ ಮೊದಲ ಸೀಸನ್ನಿಗೆ ರಣಧೀರ್ ಸಿಂಗ್ ಸೆಹ್ರಾವತ್ ಅವರನ್ನು ತಂದು ಕೂರಿಸಿತು. 11ನೇ ಸೀಸನ್ ಮುಗಿಯುವ ತನಕ ಅವರನ್ನು ಕದಲಿಸಲಿಲ್ಲ. ಎರಡನೇ ಸೀಸನ್ನಿನಲ್ಲಿ ಫೈನಲ್ ತಲುಪಿ ಯು ಮುಂಬಾ ಕೈಲಿ ಸೋತರು. ಆಮೇಲೆ ಮೂರು ಸೀಸನ್ ಬರೀ ಕೈ. ಬೇರೆ ಮಾಲೀಕರಾಗಿದ್ದರೆ ಅಲ್ಲಿಗೇ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಬುಲ್ಸ್ ಮಾಡಲಿಲ್ಲ. ಆರನೇ ಸೀಸನ್ನಿನ ಫೈನಲ್ಲಿನಲ್ಲಿ, 2019ರ ಜನವರಿ 5ರಂದು ಮುಂಬೈಯಲ್ಲಿ, ಗುಜರಾತನ್ನು 38–33ರಿಂದ ಸೋಲಿಸಿ ಪಟ್ಟ ಗೆದ್ದರು. ಪವನ್ ಸೆಹ್ರಾವತ್ ಒಬ್ಬರೇ ಆವತ್ತು 22 ಅಂಕ ತಂದರು. ಮುಂದಿನ ಮೂರೂ ಸೀಸನ್ ಸೆಮಿಫೈನಲ್. ಅದಾದ ಮೇಲೆ ಇಳಿಜಾರು; 11ನೇ ಸೀಸನ್ನಿನಲ್ಲಿ ತಂಡ ಪಟ್ಟಿಯ ಕಟ್ಟಕಡೆಗೆ ಬಂತು.

ತಲೈವಾಸ್ ಲೀಗಿಗೆ ಬಂದದ್ದು 2017ರಲ್ಲಿ. ಅಲ್ಲಿಂದ ಐದು ಸೀಸನ್ನಿನೊಳಗೆ ಕೆ. ಭಾಸ್ಕರನ್, ಇ. ಭಾಸ್ಕರನ್, ಜೆ. ಉದಯಕುಮಾರ್, ಅಶನ್ ಕುಮಾರ್ ಎಂದು ಕುರ್ಚಿ ಕೈ ಬದಲಾಯಿಸುತ್ತಲೇ ಹೋಯಿತು. ತಾಳ್ಮೆಯ ಪಕ್ಷದವರು ಇಲ್ಲಿ ಗೆದ್ದೆವು ಎನ್ನಬಹುದು. ಆದರೆ 2022ರ ಒಂಬತ್ತನೇ ಸೀಸನ್ನನ್ನು ನೋಡಿ. ತಲೈವಾಸ್ ಅದೇ ಪವನ್‌ರನ್ನು 2.26 ಕೋಟಿ ರೂಪಾಯಿಗೆ ಹರಾಜಿನಲ್ಲಿ ಕೊಂಡುಕೊಂಡಿತು. ಮೊದಲ ಪಂದ್ಯದ ಆರಂಭದಲ್ಲೇ ಅವರ ಮಂಡಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗುಳಿದರು. ತಂಡ ಸೋಲತೊಡಗಿತು, ಸೀಸನ್ನಿನ ನಡುವೆಯೇ ಉದಯಕುಮಾರ್ ಹೋಗಿ ಅಶನ್ ಕುಮಾರ್ ಬಂದರು. ಆ ಅರ್ಧ ಸೀಸನ್ನಿನಲ್ಲಿ ತಲೈವಾಸ್ ಮೊದಲ ಬಾರಿಗೆ ಪ್ಲೇಆಫ್ ಮುಟ್ಟಿ ಸೆಮಿಫೈನಲ್ ಆಡಿತು. ಅಲ್ಲಿ ಅವರನ್ನು ಎರಡೇ ಅಂಕದಿಂದ ಸೋಲಿಸಿದ್ದು ಪುಣೇರಿ ಪಲ್ಟನ್. ಅದರ ಕೋಚ್ ಕರ್ನಾಟಕದ ಬಿ.ಸಿ. ರಮೇಶ್. ಆ ರಮೇಶ್ ಅವರಾದರೂ ಯಾರು? ಬುಲ್ಸ್ ಪಟ್ಟ ಗೆದ್ದ ಸೀಸನ್ನಿನಲ್ಲಿ ರಣಧೀರ್ ಅವರ ಪಕ್ಕದಲ್ಲಿದ್ದ ಸಹಾಯಕ. ಮುಂದಿನ ಸೀಸನ್ನಿಗೆ, ಅದೇ 2019ರಲ್ಲಿ, ಬೆಂಗಾಲ್ ವಾರಿಯರ್ಸ್‌ನ ಮುಖ್ಯ ಕೋಚ್ ಆಗಿ ಹೋಗಿ ಮೊದಲ ಪ್ರಯತ್ನದಲ್ಲೇ ಪಟ್ಟ ತಂದವರು. ಪುಣೆಯಲ್ಲಿ ಮೊದಲ ವರ್ಷ ಫೈನಲ್ ಸೋತು ಎರಡನೇ ವರ್ಷ ಗೆದ್ದವರು.

ಹೀಗೆ ಒಬ್ಬರಿಗೆ ಆರು ಸೀಸನ್, ಒಬ್ಬರಿಗೆ ಒಂದು, ಮತ್ತೊಬ್ಬರಿಗೆ ಅರ್ಧ. ಇದರಲ್ಲಿ ಯಾವುದನ್ನು ಅಳತೆಗೋಲು ಮಾಡುವುದು?

ಈ ಪ್ರಶ್ನೆಯನ್ನು ಅತಿ ಹೆಚ್ಚು ದುಡ್ಡು ಸುರಿದು ಕೇಳುವವರು ಅಮೆರಿಕದ ಕಾಲೇಜುಗಳು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮದಲ್ಲ, ಅಂಡಾಕಾರದ ಚೆಂಡು ಹಿಡಿದು ಓಡುವ ಆಟ. ರಾಜ್ಯದ ವಿಶ್ವವಿದ್ಯಾಲಯವೊಂದರ ಫುಟ್‌ಬಾಲ್ ಕೋಚ್ ಎಷ್ಟೋ ಕಡೆ ಆ ರಾಜ್ಯದ ಅತ್ಯಂತ ಹೆಚ್ಚು ಸಂಬಳದ ಸರ್ಕಾರಿ ನೌಕರ. ಮೂರು ವರ್ಷ ನೋಡಿ, ಆಗಲಿಲ್ಲವೆಂದರೆ ಕಳಿಸುವುದು ಅಲ್ಲಿಯ ರೂಢಿ. ಕಳಿಸಲು ಕೋಟಿಗಟ್ಟಲೆ ಪರಿಹಾರವನ್ನೂ ಕೊಡುತ್ತಾರೆ. ಸ್ಕಾಟ್ ಆ್ಯಡ್ಲರ್, ಮೈಕೆಲ್ ಬೆರ್ರಿ, ಡೇವಿಡ್ ಡೊಹರ್ಟಿ ಎಂಬ ಮೂವರು ವಿದ್ವಾಂಸರು 1997ರಿಂದ 2010ರವರೆಗಿನ ಕಾಲೇಜು ತಂಡಗಳ ಲೆಕ್ಕ ತೆಗೆದು, ಕೋಚ್ ಬದಲಾಯಿಸಿದ ತಂಡಗಳನ್ನೂ ಅಷ್ಟೇ ಸೋತು ಬದಲಾಯಿಸದ ತಂಡಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತೀರಾ ಕೆಟ್ಟುಹೋದ ತಂಡಗಳಿಗೆ ಹೊಸ ಕೋಚಿನಿಂದ ಹೇಳಿಕೊಳ್ಳುವಂಥ ಲಾಭವಾಗಿರಲಿಲ್ಲ. ನಡುಮಟ್ಟದ ತಂಡಗಳಂತೂ ಕೋಚ್ ಬದಲಾದ ಮೇಲೆ, ಕೋಚನ್ನು ಉಳಿಸಿಕೊಂಡ ಅಂಥದೇ ತಂಡಗಳಿಗಿಂತ ಕೆಟ್ಟದಾಗಿ ಆಡಿದ್ದವು. ಡಚ್ ಫುಟ್‌ಬಾಲ್ ಲೀಗಿನ ಮೇಲೆ ಬಾಸ್ ಟರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು 1986–2004ರ ಅವಧಿಯ ಲೆಕ್ಕ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು: ಸತತ ಸೋಲಿನ ತಂಡ ಹೇಗೂ ಒಂದು ದಿನ ಚೇತರಿಸಿಕೊಳ್ಳುತ್ತದೆ, ಅಷ್ಟರಲ್ಲಿ ಬಂದವರ ಹೆಸರಿಗೆ ಕೀರ್ತಿ ಜಮೆಯಾಗುತ್ತದೆ. ಅಶನ್ ಕುಮಾರ್ ಅವರ ಅರ್ಧ ಸೀಸನ್ನನ್ನೂ ಈ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಬೇಕು, ಅವರ ಶ್ರಮಕ್ಕೆ ಕುಂದು ತಾರದೆ.

ತಾಳ್ಮೆಯ ಪಕ್ಷದವರು ಈಗ ತಮ್ಮ ಸಂತರ ಪಟ್ಟಿ ತೆಗೆಯುತ್ತಾರೆ. ವರ್ಜೀನಿಯಾ ಟೆಕ್‌ನ ಫ್ರಾಂಕ್ ಬೀಮರ್ 1987ರಲ್ಲಿ ಬಂದು, ಆರನೇ ವರ್ಷ 1992ರಲ್ಲಿ ಎರಡೇ ಪಂದ್ಯ ಗೆದ್ದರು, ಕಾಲೇಜು ಕೈಬಿಡಲಿಲ್ಲ, 1993ರಿಂದ ಸತತ 23 ವರ್ಷ ಅವರ ತಂಡ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹವಾಯಿತು. ಕಾನ್ಸಾಸ್ ಸ್ಟೇಟ್‌ನಲ್ಲಿ ಬಿಲ್ ಸ್ನೈಡರ್ 1989ರಲ್ಲಿ ಕಾಲಿಟ್ಟಾಗ ಆ ತಂಡ ಎರಡು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೊದಲ ವರ್ಷ ಒಂದು, ಎರಡನೇ ವರ್ಷ ಐದು, ಮೂರನೇ ವರ್ಷ ಏಳು ಗೆದ್ದರು. ಅಲೆಕ್ಸ್ ಫರ್ಗ್ಯುಸನ್ 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದು ಮೊದಲ ಕಪ್ ಎತ್ತಿದ್ದು 1990ರಲ್ಲಿ, ಲೀಗ್ ಗೆದ್ದದ್ದು 1993ರಲ್ಲಿ. ಎಲ್ಲವೂ ನಿಜ. ಆದರೆ ಆರು ವರ್ಷ ಕೊಟ್ಟರೂ ಏನೂ ಆಗದೆ ಹೋದ ಕೋಚುಗಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಗೆದ್ದವರ ಪಟ್ಟಿಯಿಂದ ಮಾತ್ರ ತಾಳ್ಮೆಯ ಗುಣಗಾನ ಮಾಡುವುದು, ಲಾಟರಿ ಹೊಡೆದವರನ್ನು ಮಾತ್ರ ಮಾತಾಡಿಸಿ ಟಿಕೆಟ್ ಕೊಳ್ಳಿ ಎನ್ನುವ ತರ್ಕ. ಇದೇ ಅಮೆರಿಕದಲ್ಲಿ ಬಾಬ್ ಸ್ಟೂಪ್ಸ್ ಓಕ್ಲಹೋಮಾಕ್ಕೂ ಜಿಮ್ ಟ್ರೆಸೆಲ್ ಒಹಾಯೊ ಸ್ಟೇಟ್‌ಗೂ ಅರ್ಬನ್ ಮೆಯರ್ ಫ್ಲೋರಿಡಾಕ್ಕೂ ರಾಷ್ಟ್ರೀಯ ಪಟ್ಟ ತಂದದ್ದು ತಮ್ಮ ಎರಡನೇ ವರ್ಷದಲ್ಲಿ.

ಎರಡೂ ಪಕ್ಷ ಬಿಟ್ಟು ಹೋಗುವ ಸಂಗತಿ ಒಂದಿದೆ. ಅದು ತಿಳಿಯಬೇಕಾದರೆ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಹತ್ತು-ಹನ್ನೆರಡು ವರ್ಷದ ಚರಿತ್ರೆಯನ್ನು ನಿಧಾನವಾಗಿ ಓದಬೇಕು. 2013ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಮೊದಲ ಕೋಚ್ ಆ್ಯಶ್ಲೆ ವೆಸ್ಟ್‌ವುಡ್. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. ಎರಡನೇ ಸೀಸನ್ನಿನಲ್ಲಿ ಫೆಡರೇಷನ್ ಕಪ್ ಗೆದ್ದರೂ, 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಕೊನೆಯ ನಿಮಿಷಗಳಲ್ಲಿ ಸಮ ಮಾಡಿಕೊಂಡು ಲೀಗ್ ಕಸಿದುಕೊಂಡು ಹೋಯಿತು. ಮೂರನೆಯದರಲ್ಲಿ ಮತ್ತೆ ಲೀಗ್. ಹೊಸದಾಗಿ ಕಟ್ಟಿದ ಮನೆಗೆ ತಾವೇ ಆಟಗಾರರನ್ನು ಆರಿಸಿಕೊಂಡು ಬಂದವರು ಅವರು. ಹಿಂದಿನವರ ಭಾರವೂ ಇಲ್ಲ, ಬಳುವಳಿಯೂ ಇಲ್ಲ.

2016ರಲ್ಲಿ ಆಲ್ಬರ್ಟ್ ರೋಕಾ ಬಂದರು. ಕೆಲವೇ ತಿಂಗಳಲ್ಲಿ ತಂಡ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಕ್ಲಬ್ಬೊಂದು ಅಲ್ಲಿವರೆಗೆ ಹೋದದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜಾವಿಯಾ ಎದುರು 0–1ರಿಂದ ಸೋತರು. ಆ ಓಟ ಯಾರದ್ದು? ಆ ಟೂರ್ನಿಯ ಮೊದಲರ್ಧವನ್ನು ಆಡಿಸಿದ್ದು ವೆಸ್ಟ್‌ವುಡ್. ರೋಕಾ ಅವರ ಸ್ವಂತ ತಂಡ ಕಂಡದ್ದು 2017–18ರಲ್ಲಿ: ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಟ್ಟಿಯಲ್ಲಿ ಮೊದಲ ಸ್ಥಾನ, ತವರಿನ ಫೈನಲ್ಲಿನಲ್ಲಿ ಚೆನ್ನೈಯಿನ್ ಎದುರು 2–3ರ ಸೋಲು, ಮುಂದಿನ ತಿಂಗಳು ಸೂಪರ್ ಕಪ್. ರೋಕಾ ಬಿಟ್ಟರು. ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು, ಮೊದಲ ವರ್ಷವೇ 2019ರ ಮಾರ್ಚಿನಲ್ಲಿ ಗೋವಾವನ್ನು ಸೋಲಿಸಿ ಐಎಸ್‌ಎಲ್ ಪಟ್ಟ ತಂದರು. ಪತ್ರಿಕೆಗಳು ‘ಚೊಚ್ಚಲ ಸೀಸನ್ನಿನಲ್ಲೇ’ ಎಂದು ಬರೆದವು. ಆದರೆ ಆ ಕೋಚಿಗೆ ಅದು ಮೂರನೇ ವರ್ಷ. 2016ರಿಂದ ಆ ಹುಡುಗರ ಜತೆಗೇ ಇದ್ದವರು. ಎರಡನೇ ಸೀಸನ್ ಸೆಮಿಫೈನಲ್, ಮೂರನೇ ಸೀಸನ್ನಿನ ನಡುವೆ, 2021ರ ಜನವರಿಯಲ್ಲಿ, ಸಾಲು ಸೋಲಿನ ನಂತರ ಅವರೂ ಕ್ಲಬ್ಬೂ ಬೇರೆಯಾದರು.

ಮುಂದೆ ಮಾರ್ಕೊ ಪೆಝಾಯ್ವೋಲಿ ಒಂದು ಸೀಸನ್. ಸೈಮನ್ ಗ್ರೇಸನ್ 2022ರಲ್ಲಿ ಬಂದು ಕೆಲವೇ ತಿಂಗಳಲ್ಲಿ ಡ್ಯುರಾಂಡ್ ಕಪ್ ಗೆದ್ದು, ಅದೇ ಸೀಸನ್ ಐಎಸ್‌ಎಲ್ ಫೈನಲ್ಲಿಗೂ ಒಯ್ದರು. ಎರಡನೇ ಸೀಸನ್ನಿನ ನಡುವೆ, 2023ರ ಡಿಸೆಂಬರಿನಲ್ಲಿ, ಹೊರಟರು. ನಂತರ ಬಂದ ಜೆರಾರ್ಡ್ ಸರಗೋಸಾ ಹಿಂದೆ ಕ್ವಾದ್ರಾತ್ ಅವರ ಸಹಾಯಕರಾಗಿದ್ದವರು. ತಮ್ಮ ಮೊದಲ ಪೂರ್ಣ ಸೀಸನ್ 2024–25ರಲ್ಲಿ ಫೈನಲ್ ಮುಟ್ಟಿದರು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಕ್ಲಬ್ಬಿನಲ್ಲಿ ಕಪ್ಪೋ ಫೈನಲ್ಲೋ ಬಂದದ್ದು ಬಹುಪಾಲು ಕೋಚಿನ ಮೊದಲ ಪೂರ್ಣ ಸೀಸನ್ನಿನಲ್ಲಿ. ತೊಂದರೆ ಕಾಣಿಸಿದ್ದು ಎರಡು, ಮೂರನೆಯದರಲ್ಲಿ. ‘ಹೊಸಬರಿಗೆ ಮೂರು ವರ್ಷ ಕೊಡಿ’ ಎನ್ನುವ ಸೂತ್ರ ಇಲ್ಲಿ ತಲೆಕೆಳಗು. ಕಾರಣ ಊಹಿಸಲು ಕಷ್ಟವಿಲ್ಲ. ಕೃಷ್ಣಗಿರಿ ಕಡೆ ಮಾವಿನ ತೋಪು ಕೊಂಡವರಿಗೆ ಗೊತ್ತು, ಮೊದಲ ಎರಡು ಫಸಲು ಮಾರಿದವನ ಆರೈಕೆಯ ಫಲ. ತಮ್ಮ ಕೈಗುಣ ತಿಳಿಯುವುದು ಆಮೇಲೆ. ಮೊದಲ ವರ್ಷದ ಗೆಲುವನ್ನು ಹೊಸ ಕೋಚಿನ ಖಾತೆಗೂ ಮೂರನೇ ವರ್ಷದ ಸೋಲನ್ನು ದುರದೃಷ್ಟದ ಖಾತೆಗೂ ಬರೆಯುವವರು ಲೆಕ್ಕವನ್ನು ಉಲ್ಟಾ ಬರೆಯುತ್ತಿದ್ದಾರೆ.

ರಾಜ್ಯ ತಂಡಗಳ ವಿಷಯ ಬೇಗ ಮುಗಿಸಬಹುದು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಕೋಚ್ ಆಗಿದ್ದವರು ರವಿಬಾಬು ರಾಜು. ಹಿಂದಿನ ಆವೃತ್ತಿಯ ಸೆಮಿಫೈನಲ್ಲಿನಲ್ಲಿ ಕೇರಳದ ಎದುರು 3–7ರ ಸೋಲು ಕಂಡಾಗ ಆ ಜಾಗದಲ್ಲಿ ಬೇರೊಬ್ಬರಿದ್ದರು. ಅಂದರೆ ಹೊಸ ಕೋಚ್ ಒಂದೇ ವರ್ಷದಲ್ಲಿ ಗೆದ್ದರು. ಆದರೆ ಸಂತೋಷ್ ಟ್ರೋಫಿ ತಂಡ ಕೂಡುವುದೇ ಕೆಲವು ವಾರಗಳ ಶಿಬಿರದಲ್ಲಿ. ಆಟಗಾರರನ್ನು ಬೆಳೆಸಿದವರು ಬೆಂಗಳೂರಿನ ಲೀಗಿನಲ್ಲಿ ವರ್ಷಗಟ್ಟಲೆ ಬೆವರಿಳಿಸಿದ ಕ್ಲಬ್ ಮೇಷ್ಟ್ರುಗಳು. ಕ್ರಿಕೆಟ್ಟಿನಲ್ಲೂ ಜೆ. ಅರುಣ್‌ಕುಮಾರ್ ಕರ್ನಾಟಕದ ಕೋಚ್ ಆಗಿದ್ದಾಗ, 2013–14ರಲ್ಲಿ, 15 ವರ್ಷದ ಬರ ನೀಗಿ ರಣಜಿ ಬಂತು, ಮರುವರ್ಷ ಮತ್ತೆ ಬಂತು. ಅವರ ಪಾತ್ರ ದೊಡ್ಡದು. ವಿನಯ್ ಕುಮಾರ್, ಮಿಥುನ್, ಮನೀಶ್ ಪಾಂಡೆ, ರಾಹುಲ್, ಕರುಣ್ ನಾಯರ್ ಅವರೆಲ್ಲ ಒಂದೇ ಕಾಲಕ್ಕೆ ಕೈಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು.

ಆದ್ದರಿಂದ ಎಷ್ಟು ವರ್ಷ ಎಂದು ಕೇಳುವ ಮುಂಚೆ, ಆಟಗಾರರನ್ನು ಆರಿಸುವವರು ಯಾರು, ಆ ಆಟಗಾರರು ಎಷ್ಟು ಬೇಗ ಬದಲಾಗುತ್ತಾರೆ ಎಂದು ಕೇಳಬೇಕು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ತಂಡವನ್ನು ತಾವೇ ಆರಿಸುವ ಕೋಚಿಗೆ ಹೆಚ್ಚು ವರ್ಷ ಬೇಡ. ಕೊಟ್ಟದ್ದನ್ನು ಆಡಿಸಬೇಕಾದ ಕೋಚಿಗೆ ಬೇಕು. ಪ್ರೊ ಕಬಡ್ಡಿಯಲ್ಲಿ ಹರಾಜಿಗೆ ಕುಳಿತರೆ ಒಂದೇ ವಾರದಲ್ಲಿ ಮುಕ್ಕಾಲು ತಂಡ ಹೊಸದಾಗುತ್ತದೆ. ಅಂಥವರ ಗುಣ ಎರಡು ಸೀಸನ್ನಿನಲ್ಲಿ ತಿಳಿಯದಿದ್ದರೆ ಮೂರನೆಯದರಲ್ಲೂ ತಿಳಿಯುವುದಿಲ್ಲ. ಅಮೆರಿಕದ ಕಾಲೇಜುಗಳಲ್ಲೂ ಈಗ ಆಗಿರುವುದು ಅದೇ. ಮೊದಲು ಹುಡುಗರು ಸೇರಿದ ಕಾಲೇಜಿನಲ್ಲೇ ನಾಲ್ಕು ವರ್ಷ ಉಳಿಯುತ್ತಿದ್ದರು. ಕಾಲೇಜು ಬದಲಿಸಿದರೆ ಒಂದು ವರ್ಷ ಕೂರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು, ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಲೂ ಅನುಮತಿ ಸಿಕ್ಕಿತು. ಇಂಡಿಯಾನಾ ವಿಶ್ವವಿದ್ಯಾಲಯ 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ಕಾಲೇಜಿನಿಂದಲೇ ಹತ್ತಾರು ಹುಡುಗರನ್ನು ಕರೆದುಕೊಂಡು ಬಂದು 2024ರಲ್ಲಿ 11 ಗೆದ್ದರು, ಸೋತದ್ದು ಎರಡೇ. ಸ್ನೈಡರ್‌ಗೆ ಬೇಕಾದಷ್ಟು ವರ್ಷ ಸಿಗ್ನೆಟ್ಟಿಗೆ ಬೇಕಾಗಲಿಲ್ಲ, ನಿಯಮ ಬದಲಾಗಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಕೃಷ್ಣಗಿರಿ, ಹೊಸೂರಿನ ಸರ್ಕಾರಿ ಕಲಾ ಕಾಲೇಜುಗಳು ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಹೊಸೂರಿನ ಅಧಿಯಮಾನ್‌ನಂಥ ಇಂಜಿನಿಯರಿಂಗ್ ಕಾಲೇಜುಗಳ ದಾರಿ ಬೇರೆ. ಕಾಲೇಜಿನಲ್ಲಿ ಆಟದ ಹೊಣೆ ಪಿ.ಡಿ. ಸಾರ್ ಎಂದು ಕರೆಸಿಕೊಳ್ಳುವ ಫಿಸಿಕಲ್ ಡೈರೆಕ್ಟರದ್ದು. ಫುಟ್‌ಬಾಲ್, ಕಬಡ್ಡಿ, ವಾಲಿಬಾಲ್, ಓಟ, ಎಸೆತ ಎಲ್ಲಕ್ಕೂ ಅವರೊಬ್ಬರೇ. ಡಿಗ್ರಿ ಮೂರು ವರ್ಷ. ಮೊದಲ ವರ್ಷ ಅವರು ಆಡಿಸುವುದು ಹಿಂದಿನವರು ಬಿಟ್ಟುಹೋದ ಹುಡುಗರನ್ನು. ಅದೂ ಹೇಗೆ? ಹೊಸಬರ ಅಡ್ಮಿಷನ್ ಮುಗಿದು ತರಗತಿ ಶುರುವಾದ ಬೆನ್ನಿಗೇ ಕಾಲೇಜುಗಳ ನಡುವಣ ಪಂದ್ಯಗಳು ಬರುತ್ತವೆ. ಹೆಸರು ಗೊತ್ತಾಗುವ ಮುಂಚೆ ತಂಡ ಕಳಿಸಬೇಕು. ಎರಡನೇ ವರ್ಷ ತಂಡ ಅರ್ಧ ಅವರದ್ದು. ಮೂರನೇ ವರ್ಷಕ್ಕೆ, ಅವರು ಬಂದಾಗ ಸೇರಿದ ಬ್ಯಾಚು ಫೈನಲ್ ಇಯರ್‌ಗೆ ಬಂದಾಗ, ಮೊಟ್ಟಮೊದಲ ಬಾರಿಗೆ ಮೈದಾನದಲ್ಲಿರುವ ಅಷ್ಟೂ ಜನ ಅವರ ಶಿಷ್ಯರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೆ ನಾಲ್ಕು ವರ್ಷ. ಅದಕ್ಕೆ ಮೊದಲು ಕೊಡುವ ತೀರ್ಪು, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಹಿಂದಿನವರಿಗೆ ಸಲ್ಲಬೇಕಾದದ್ದು.

ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟಿಗೆ ಅಷ್ಟು ಪುರುಸೊತ್ತಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕಪ್ ಇರಬೇಕು, ಅದರ ಫೋಟೋ ಮುಂದಿನ ವರ್ಷದ ಅಡ್ಮಿಷನ್ ಬ್ಯಾನರಿನಲ್ಲಿ ಬರಬೇಕು. ಅದಕ್ಕೂ ಒಂದು ಅಡ್ಡದಾರಿ ಇದೆ: ಒಳ್ಳೆಯ ಆಟಗಾರರಿಗೆ ಫ್ರೀ ಸೀಟು, ಹಾಸ್ಟೆಲ್, ಊಟ. ಚೆನ್ನೈ, ಕೊಯಮತ್ತೂರಿನ ದೊಡ್ಡ ಖಾಸಗಿ ಸಂಸ್ಥೆಗಳು ಇದನ್ನು ಬಹಳ ಹಿಂದೆಯೇ ಕಲಿತಿವೆ. ನಮ್ಮ ಕಡೆಯ ಚುರುಕು ಕಬಡ್ಡಿ ಹುಡುಗ ಪ್ಲಸ್ ಟು ಮುಗಿಸುವಷ್ಟರಲ್ಲಿ ಅಲ್ಲಿಂದ ಫೋನು ಬಂದಿರುತ್ತದೆ. ಇಲ್ಲವೇ ಗಡಿ ದಾಟಿ ಬೆಂಗಳೂರಿಗೆ ಹೋಗುತ್ತಾನೆ. ಬಸ್ ಹತ್ತಿದರೆ ಗಂಟೆ-ಒಂದೂವರೆ ಗಂಟೆಯ ದಾರಿ. ಸರ್ಕಾರಿ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಕೌನ್ಸೆಲಿಂಗ್ ಸಾಮಾನ್ಯರಿಗಿಂತ ಮೊದಲೇ ನಡೆಯುತ್ತದೆ, ಆದರೆ ಅಲ್ಲಿ ನೋಡುವುದು ಸರ್ಟಿಫಿಕೇಟನ್ನು. ಪಿ.ಡಿ. ಸಾರ್‌ಗೆ ಬೇಕಾದದ್ದು ಒಬ್ಬ ಎಡಮೂಲೆಯ ಕಾರ್ನರ್ ಆಗಿರಬಹುದು, ಬಂದವನು ಚೆಸ್ ಆಡುವವನಿರಬಹುದು. ಅಂದಮೇಲೆ ಅವರು ಆರಿಸುವ ಕೋಚ್ ಅಲ್ಲ, ಸಿಕ್ಕಿದವರನ್ನು ಆಡಿಸುವ ಕೋಚ್. ಮೇಲಿನ ಲೆಕ್ಕದ ಪ್ರಕಾರ ಅವರಿಗೆ ಅತಿ ಹೆಚ್ಚು ವರ್ಷ ಸಿಗಬೇಕು. ಸಿಗುವುದು ಅತಿ ಕಡಿಮೆ.

ಸಮಯ ಎನ್ನುವುದು ವರ್ಷದಲ್ಲಿ ಮಾತ್ರ ಇರುವುದೂ ಅಲ್ಲ. ತಳಿ, ಅಂಚೆಟ್ಟಿ ಕಡೆಯ ಹಳ್ಳಿಗೆ ಹೋಗುವ ಬಸ್ಸು ತಪ್ಪಿದರೆ ರಾತ್ರಿ ಆಗುತ್ತದೆ ಎನ್ನುವ ಹುಡುಗ ಸಂಜೆ ಅಭ್ಯಾಸಕ್ಕೆ ನಿಲ್ಲಲಾರ. ಬೆಳಿಗ್ಗೆ ಹೂವಿನ ತೋಟದಲ್ಲಿ ಕೆಲಸ ಮುಗಿಸಿ ಬರುವವರಿದ್ದಾರೆ, ಹೊಸೂರಿನ ಸಿಪ್‌ಕಾಟ್ ಕಡೆ ಶಿಫ್ಟಿಗೆ ಹೋಗಿ ಓದು ಸಾಗಿಸುವವರಿದ್ದಾರೆ. ಕಾಗದದ ಮೇಲೆ ಮೂರು ವರ್ಷ ಎಂದಿರುವುದು ಮೈದಾನದ ಗಂಟೆಗಳಲ್ಲಿ ಎಣಿಸಿದರೆ ಬೇರೆಲ್ಲೋ ಒಂದು ವರ್ಷಕ್ಕೂ ಸಮವಾಗಲಾರದು.

ಇದಕ್ಕಿಂತ ಕುತೂಹಲದ ವಿಷಯ ಶಾಲೆಗಳದ್ದು. ಕರ್ನಾಟಕದಲ್ಲಿ ಹೈಸ್ಕೂಲು ಎಂಟರಿಂದ ಹತ್ತು. ಆಮೇಲೆ ಪಿಯುಸಿಗೆ ಬೇರೆ ಮನೆ, ಬೇರೆ ಮೇಷ್ಟ್ರು. ತಮಿಳುನಾಡಿನ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಆರನೇ ತರಗತಿಗೆ ಬಂದ ಮಗು ಹನ್ನೆರಡು ಮುಗಿಸಿ ಹೋಗುವವರೆಗೆ ಒಂದೇ ಕಾಂಪೌಂಡಿನಲ್ಲಿ ಇರುತ್ತದೆ. ಏಳು ವರ್ಷ! ಪ್ರಪಂಚದ ದೊಡ್ಡ ಕೋಚುಗಳಿಗೂ ಒಂದೇ ಆಟಗಾರ ಏಳು ವರ್ಷ ಕೈಯಲ್ಲಿ ಇರುವುದು ಅಪರೂಪ, ಡೆಂಕಣಿಕೋಟೆಯ ಪಿ.ಇ.ಟಿ. (ದೈಹಿಕ ಶಿಕ್ಷಣ) ಮೇಷ್ಟ್ರಿಗೆ ಇರುತ್ತಾನೆ, ಕಾಗದದ ಮೇಲೆ. ಭಾರತಿಯಾರ್ ದಿನ, ಗಣರಾಜ್ಯ ದಿನದ ಕ್ರೀಡಾಕೂಟಗಳು ವಯಸ್ಸಿನ ಗುಂಪುಗಳಲ್ಲಿ ನಡೆಯುವುದರಿಂದ 14ರೊಳಗಿನ ತಂಡವನ್ನು ಹಾಗೇ 17ಕ್ಕೆ, 19ಕ್ಕೆ ಒಯ್ಯಬಹುದು. ಮುಖ್ಯಮಂತ್ರಿ ಟ್ರೋಫಿ ಎಂಬ ಏಣಿಯೂ ಇದೆ. ಶಾಲೆಗೆ ಬೇರೆ, ಕಾಲೇಜಿಗೆ ಬೇರೆ ವಿಭಾಗ, ಜಿಲ್ಲೆಯಿಂದ ರಾಜ್ಯದವರೆಗೆ.

ಹಾಗಿದ್ದೂ ಏಳು ವರ್ಷದ ಫಸಲು ಅಪರೂಪ. ಯಾಕೆಂದರೆ ಮೇಷ್ಟ್ರು ಏಳು ವರ್ಷ ಇರುವುದಿಲ್ಲ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ನಮ್ಮ ಕೃಷ್ಣಗಿರಿ ಜಿಲ್ಲೆಗೆ ದಕ್ಷಿಣದ ಜಿಲ್ಲೆಗಳಿಂದ ಕೆಲಸದ ಮೇಲೆ ಬರುವ ಶಿಕ್ಷಕರು ಅನೇಕರು. ಬಂದವರು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಎಷ್ಟೋ ಜನ ತಾವೇ ರಾಜ್ಯಮಟ್ಟಕ್ಕೆ ಆಡಿದವರು. ಆದರೆ ಮನೆ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲ ಅಲ್ಲಿ. ವರ್ಷ ವರ್ಷ ವರ್ಗಾವಣೆಯ ಕೌನ್ಸೆಲಿಂಗ್ ಬಂದಾಗ ಕಣ್ಣು ಅತ್ತ. ಮೊದಲ ವರ್ಷ ಅವರಿಗೆ ಹುಡುಗರ ಮಾತು ತಿಳಿಯುವುದರಲ್ಲೇ ಕಳೆಯುತ್ತದೆ: ತರಗತಿಯಲ್ಲಿ ತಮಿಳು ಮಾತಾಡುವ ಹುಡುಗರು ಮೈದಾನಕ್ಕೆ ಇಳಿದರೆ ಕನ್ನಡ, ತೆಲುಗು ಬೆರೆಸಿ ಕೂಗುತ್ತಾರೆ, ಅವಸರದಲ್ಲಿ ಬಾಯಿಗೆ ಬರುವುದು ಮನೆಮಾತೇ. ರೈಡರ್ ಒಳಗೆ ನುಗ್ಗಿದಾಗ ‘ಕಾಲು ಹಿಡಿಯೋ’ ಎಂದು ಒಬ್ಬ ಕೂಗಿದ್ದು ಮೇಷ್ಟ್ರಿಗೆ ಅರ್ಥವಾಗುವ ಹೊತ್ತಿಗೆ ರೈಡ್ ಮುಗಿದಿರುತ್ತದೆ. ಎರಡನೇ ವರ್ಷ ಹದಕ್ಕೆ ಬರುತ್ತದೆ. ಮೂರನೇ ವರ್ಷ ಆದೇಶ ಬರುತ್ತದೆ.

ಹೆಣ್ಣುಮಕ್ಕಳ ತಂಡಕ್ಕೆ ಇದರ ಪೆಟ್ಟು ದುಪ್ಪಟ್ಟು. ಹಳ್ಳಿಯ ಅಪ್ಪ ಮಗಳನ್ನು ಬೇರೆ ಊರಿನ ಪಂದ್ಯಕ್ಕೆ ಕಳಿಸುವುದು ಆಟದ ಮೇಲಿನ ಪ್ರೀತಿಗಲ್ಲ, ‘ಟೀಚರ್ ಜತೆಗಿರ್ತಾರೆ’ ಎಂಬ ಭರವಸೆಗೆ. ಆ ಭರವಸೆ ಕುದುರಲು ಎರಡು ವರ್ಷ ಹಿಡಿಯುತ್ತದೆ. ಟೀಚರ್ ಬದಲಾದ ವರ್ಷ ಅದು ಮತ್ತೆ ಸೊನ್ನೆಯಿಂದ ಶುರು. ಗೆದ್ದ ತಂಡವೂ ಅಷ್ಟಕ್ಕೇ ಚದುರಿಹೋಗುತ್ತದೆ, ಒಂದು ಪಂದ್ಯವನ್ನೂ ಸೋಲದೆ.

ಅಂದರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಪ್ರಶ್ನೆ ಇರುವುದು ನಾವು ಕೋಚಿಗೆ ಎಷ್ಟು ವರ್ಷ ಕೊಡಬೇಕು ಎಂದು. ನಮ್ಮಲ್ಲಿ, ಕೋಚ್ ನಮಗೆ ಎಷ್ಟು ವರ್ಷ ಕೊಡುತ್ತಾರೆ ಎಂದು. ಅಮೆರಿಕದ ಸಣ್ಣ ಕಾಲೇಜುಗಳಿಗೂ ಈ ನೋವು ಉಂಟು. ಅರ್ಬನ್ ಮೆಯರ್ ಬೌಲಿಂಗ್ ಗ್ರೀನ್‌ನಲ್ಲಿ ಎರಡು ವರ್ಷ, ಯೂಟಾದಲ್ಲಿ ಎರಡು ವರ್ಷ ಇದ್ದು, 2004ರಲ್ಲಿ ಒಂದೂ ಸೋಲದ ತಂಡ ಕಟ್ಟಿಕೊಟ್ಟು ಫ್ಲೋರಿಡಾಕ್ಕೆ ನಡೆದರು. ವ್ಯತ್ಯಾಸ ಇಷ್ಟೆ: ಅಲ್ಲಿ ಗೆದ್ದವರು ಹೋಗುತ್ತಾರೆ, ಇಲ್ಲಿ ಗೆಲ್ಲುವ ಮುಂಚೆಯೇ ಹೋಗುತ್ತಾರೆ.

ಒಬ್ಬರು ಇದ್ದಲ್ಲೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಮೂಲತಃ ಶಾಲಾ ಮೇಷ್ಟ್ರು. 1950ರಲ್ಲಿ ಭಾರತ ಫುಟ್‌ಬಾಲ್ ತಂಡದ ಹೊಣೆ ಹೊತ್ತರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1–10ರ ಸೋಲು. ಇವತ್ತಾಗಿದ್ದರೆ ವಿಮಾನ ಇಳಿಯುವ ಮುಂಚೆ ಕೆಲಸ ಹೋಗಿರುತ್ತಿತ್ತು. ಅವರು ಉಳಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾದಲ್ಲಿ ಮತ್ತೆ ಏಷ್ಯನ್ ಚಿನ್ನ. 1963ರಲ್ಲಿ ಅವರು ತೀರಿಕೊಂಡ ಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಮತ್ತೆ ಸಿಕ್ಕಿಲ್ಲ. ರಹೀಮ್ ಅವರೂ ಗೆದ್ದವರ ಪಟ್ಟಿಯವರೇ ಎಂಬ ಆಕ್ಷೇಪ ನನ್ನದೇ ಮಾತಿನಿಂದ ಏಳುತ್ತದೆ, ಒಪ್ಪುತ್ತೇನೆ. ಆದರೆ ಅವರ 12 ವರ್ಷದಲ್ಲಿ ಮೊದಲ ಚಿನ್ನದ ತಂಡಕ್ಕೂ ಕೊನೆಯ ಚಿನ್ನದ ತಂಡಕ್ಕೂ ಆಟಗಾರರು ಪೂರಾ ಬೇರೆ. ಬಳುವಳಿಯಿಂದ ಒಮ್ಮೆ, ಬೆಳೆಸಿದವರಿಂದ ಒಮ್ಮೆ ಗೆದ್ದರು. ಕೋಚಿನ ಸತ್ವ ತಿಳಿಯಬೇಕಾದರೆ ನೋಡಬೇಕಾದದ್ದು ಎರಡನೆಯ ಗೆಲುವನ್ನು.

ಮೇಷ್ಟ್ರ ವರ್ಗಾವಣೆ ನಿಲ್ಲಿಸಿ ಎಂದು ಕೇಳುವುದು ನ್ಯಾಯವಲ್ಲ; ಅವರಿಗೂ ಮನೆಯಿದೆ. ಬೆಂಗಳೂರು ಎಫ್‌ಸಿಯ ಕಥೆಯಲ್ಲೂ ಬುಲ್ಸ್ ಕಥೆಯಲ್ಲೂ ಅದಕ್ಕೊಂದು ಉಪಾಯ ಅಡಗಿದೆ. ಕ್ವಾದ್ರಾತ್, ಸರಗೋಸಾ, ರಮೇಶ್ ಮೂವರೂ ಸಹಾಯಕರಾಗಿದ್ದು ಮುಖ್ಯರಾದವರು. ಮುಖ್ಯ ಕೋಚ್ ಹೋದರೂ ಆ ತಂಡದ ಪಾಠ ಅವರ ತಲೆಯಲ್ಲಿ ಉಳಿದಿತ್ತು. ಹೊಸೂರು-ಕೃಷ್ಣಗಿರಿ ಕಡೆ ಸಹಾಯಕರ ಹುದ್ದೆ ಸರ್ಕಾರದ ಪಟ್ಟಿಯಲ್ಲಿ ಇಲ್ಲ, ಆದರೆ ಆಳುಗಳಿದ್ದಾರೆ. ಪೊಂಗಲ್‌ಗೂ ಯುಗಾದಿಗೂ ಊರ ಕಬಡ್ಡಿ ನಡೆಸುವ, ಮೂವತ್ತು-ನಲವತ್ತರ ಹಳೆಯ ಆಟಗಾರರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಕೆಲವರು ಹಗಲು ಫ್ಯಾಕ್ಟರಿಯಲ್ಲಿ, ಸಂಜೆ ಗ್ರೌಂಡಿನಲ್ಲಿ. ಹುಡುಗರ ಮನೆ, ಮಾತು, ಮೊಣಕಾಲಿನ ಹಳೆಯ ಪೆಟ್ಟು ಎಲ್ಲ ಅವರಿಗೆ ಗೊತ್ತು. ಶಾಲೆಯ ಪಿ.ಇ.ಟಿ. ಜತೆ ಅಂಥ ಒಬ್ಬರನ್ನು ಸಣ್ಣ ಗೌರವಧನ ಕೊಟ್ಟು ಕೂಡಿಸಿದರೆ ಮೇಷ್ಟ್ರು ಬದಲಾದರೂ ತಂಡ ಸೊನ್ನೆಗೆ ಇಳಿಯುವುದಿಲ್ಲ. ಅಡ್ಡಿ ಇರುವುದು ಸರ್ಟಿಫಿಕೇಟಿನಲ್ಲಿ: ಪಟಿಯಾಲದ ಎನ್.ಐ.ಎಸ್. ಡಿಪ್ಲೊಮಾವೋ ಬಿ.ಪಿ.ಎಡ್. ಪದವಿಯೋ ಇಲ್ಲದವರನ್ನು ಶಾಲೆಯ ಗೇಟಿನೊಳಗೆ ಬಿಡಲು ಹೆಡ್‌ಮಾಸ್ಟರಿಗೆ ಧೈರ್ಯ ಸಾಲದು, ಅದರಲ್ಲೂ ಹೆಣ್ಣುಮಕ್ಕಳಿರುವ ಶಾಲೆಯಲ್ಲಿ. ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹೊರಗಿನವರನ್ನು ಸೇರಿಸುವಾಗ ಪೊಲೀಸ್ ಪರಿಶೀಲನೆ, ಜತೆಗೊಬ್ಬ ಶಿಕ್ಷಕಿ ಇರಲೇಬೇಕು. ಇದಕ್ಕೆ ಬೇಕಾದದ್ದು ಜಿಲ್ಲಾ ಮಟ್ಟದ ಒಂದು ಆದೇಶ, ಕ್ರೀಡಾ ಪ್ರಾಧಿಕಾರದ ಒಂದು ಕಿರು ತರಬೇತಿ.

2025ರಲ್ಲಿ ಬುಲ್ಸ್ ಬಿ.ಸಿ. ರಮೇಶ್ ಅವರನ್ನೇ ಮುಖ್ಯ ಕೋಚ್ ಮಾಡಿಕೊಂಡಿತು. ಅವರು ಬಂದದ್ದು ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ, ಆದರೆ ಕೈಯಲ್ಲಿ ಹರಾಜಿನ ದುಡ್ಡು ಹಿಡಿದು. ಅವರನ್ನು ಎರಡು ಸೀಸನ್ನಿನಲ್ಲಿ ಅಳೆಯುವುದಕ್ಕೆ ನನ್ನ ತಕರಾರಿಲ್ಲ. ಅದೇ ವರ್ಷ ಜೂನಿನಲ್ಲಿ ನಮ್ಮ ಕಡೆಯ ಯಾವುದೋ ಶಾಲೆಗೆ ಹೊಸದಾಗಿ ಬಂದು, ಆರನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮೇಷ್ಟ್ರನ್ನು ಅಳೆಯಬೇಕಾದದ್ದು 2032ರ ಮಾರ್ಚಿನಲ್ಲಿ, ಆ ಮಕ್ಕಳು ಪ್ಲಸ್ ಟು ಪರೀಕ್ಷೆ ಬರೆಯುವಾಗ.